ಹುಡುಗಿಯನ್ನು ವಿಚಾರಿಸಲು ಬಂದವರು

ಹುಲಿಗೇಶ ಹನ್ನೊಂದು ದಿನಗಳಿಂದ ಮನೆಯಲ್ಲಿ ಸುಮ್ಮನಿದ್ದ. ಬೇರೆ ಮನೆಯಲ್ಲಿ ಗಂಡ ಸುಮ್ಮನಿದ್ದರೆ ಅದು ಸುದ್ದಿಯಲ್ಲ. ಆದರೆ ಹುಲಿಗೇಶ ಬ್ಯಾಡಗಿ ಬಸ್ ನಿಲ್ದಾಣದ ಕಂಟ್ರೋಲರ್. ಇಪ್ಪತ್ತೆರಡು ವರ್ಷಗಳಿಂದ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಗೆ, ಯಾವ ಹಾದಿಯಲ್ಲಿ, ಎಷ್ಟು ಹೊತ್ತಿಗೆ ಎಂದು ಎಲ್ಲರಿಗೂ ಕೇಳುವಂತೆ ಹೇಳುವುದು ಅವನ ಉದ್ಯೋಗ. ಡ್ಯೂಟಿ ಇಲ್ಲದ ಹೊತ್ತಿನಲ್ಲೂ ಅವನು ಅದನ್ನೇ ಮಾಡುತ್ತಿದ್ದ. ಪಕ್ಕದ ಮನೆಗೆ ಬೀಗರು ಬಂದದ್ದು, ಮೇಲಿನ ಸಾಹೇಬರ ಕಟ್ಟಿದ ಹಲ್ಲು ಚಹಾದಲ್ಲಿ ಬಿದ್ದದ್ದು, ತನ್ನ ಹೆಂಡತಿ ಹೊಸ ಕನ್ನಡಕ ಹಾಕಿಕೊಂಡ ಮೊದಲ ದಿನವೇ ಉಪ್ಪಿನ ಬದಲು ರಂಗೋಲಿ ಡಬ್ಬಿಗೆ ಕೈಹಾಕಿದ್ದು, ಎಲ್ಲವೂ ಅವನ ಬಾಯಿಂದ ಹೊರಟು, ಮೋಟೆಬೆನ್ನೂರಿನ ಬಸ್ಸು ಹತ್ತಿ ಊರೂರಿಗೆ ಹೋಗುತ್ತಿದ್ದವು. ಅಂಥವನು ಈಗ ಊಟಕ್ಕೆ ಕೂತರೆ ತಟ್ಟೆಯನ್ನೇ ನೋಡುತ್ತಿದ್ದ. ಏನಾದರೂ ಕೇಳಿದರೆ ರೊಟ್ಟಿಯ ತುಂಡನ್ನು ಬಾಯಿಗೆ ತುರುಕಿಕೊಂಡು, ಬಾಯಿ ತುಂಬಿದೆ ಎಂದು ಕೈಸನ್ನೆ ಮಾಡುತ್ತಿದ್ದ.

ಅವನ ಹೆಂಡತಿ ದ್ರಾಕ್ಷಾಯಿಣಿ ಮೊದಲ ಮೂರು ದಿನ ಹಲ್ಲುನೋವು ಎಂದುಕೊಂಡಳು. ನಾಲ್ಕನೆಯ ದಿನ ಲವಂಗ ಕೊಟ್ಟಳು. ಅವನು ಅದನ್ನೂ ಮಾತಿಲ್ಲದೆ ಅಗಿದ. ಆಮೇಲೆ ಅವಳಿಗೆ ಗೊತ್ತಾಯಿತು, ಇದು ಹಲ್ಲಿನ ವಿಷಯವಲ್ಲ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಮೊದಲ ಸಲ ಗಂಡ ತನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾನೆ.

ದ್ರಾಕ್ಷಾಯಿಣಿಗೆ ಬಹಳ ತಡವಾಗಿ ತಿಳಿದದ್ದನ್ನು ಇಲ್ಲಿ ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವರ ಒಬ್ಬಳೇ ಮಗಳು ಅರುಣಾ, ದೇಶದ ಒಳಗಿನ ಭದ್ರತೆ ನೋಡಿಕೊಳ್ಳುವ ಗುಪ್ತಚರ ಇಲಾಖೆಯ ಪರೀಕ್ಷೆ ಬರೆದು ಪಾಸಾಗಿದ್ದಳು. ಈ ಇಲಾಖೆಗೆ ಸಮವಸ್ತ್ರವಿಲ್ಲ, ಲಾಠಿಯಿಲ್ಲ, ಯಾರನ್ನೂ ಹಿಡಿದು ಒಳಗೆ ಹಾಕುವ ಅಧಿಕಾರವೂ ಇಲ್ಲ. ದೇಶದಲ್ಲಿ ಯಾರು ಎಲ್ಲಿ ಏನು ಹೊಸೆಯುತ್ತಿದ್ದಾರೆ ಎಂದು ಸದ್ದಿಲ್ಲದೆ ತಿಳಿದುಕೊಂಡು, ಬರೆದು, ಮೇಲಕ್ಕೆ ಕಳಿಸುವುದಷ್ಟೇ ಅದರ ಕೆಲಸ. ಊರವರನ್ನೆಲ್ಲ ವಿಚಾರಿಸುವ ಇಲಾಖೆ ತನ್ನೊಳಗೆ ಬರುವವರನ್ನು ವಿಚಾರಿಸದೆ ಬಿಡುತ್ತದೆಯೆ? ಅಭ್ಯರ್ಥಿಯ ನಡತೆ, ಮನೆತನ, ಬಂಧುಬಳಗ, ಐದು ವರ್ಷಗಳಲ್ಲಿ ಎಲ್ಲೆಲ್ಲಿ ವಾಸವಿದ್ದರು ಎಂಬುದನ್ನೆಲ್ಲ ಒಬ್ಬ ಅಧಿಕಾರಿ ಬಂದು ನೋಡಿಹೋದ ಮೇಲೆಯೇ ಕೆಲಸದ ಆದೇಶ. ಅಲ್ಲಿಯವರೆಗೆ ಡಂಗುರ ಹೊಡೆಯಬೇಡಿ ಎಂದು ಪತ್ರದಲ್ಲಿ ಬರೆದಿದ್ದರು.

ಫಾರ್ಮಿನಲ್ಲಿ ಅಜ್ಜ ಅಜ್ಜಿಯರ ಊರು ಕೇರಿ ಬೇಕಾಗಿದ್ದರಿಂದ ಅರುಣಾ ಅಪ್ಪನಿಗೊಬ್ಬನಿಗೆ ವಿಷಯ ಹೇಳಿ, ಆಣೆ ಹಾಕಿಸಿಕೊಂಡಿದ್ದಳು. ಅವ್ವನಿಗೆ ಹೇಳುವುದು ಬೇಡ ಎಂದು ಇಬ್ಬರೂ ಕೂಡಿಯೇ ತೀರ್ಮಾನಿಸಿದರು. ಅವ್ವನಿಗೆ ಹೇಳಿದರೆ ಮನೆಯ ಮುಂದಿನ ಕಟ್ಟೆಗೆ ಹೇಳಿದಂತೆ. ಆ ಕಟ್ಟೆಯ ಮೇಲೆ ದಿನಾ ಮಧ್ಯಾಹ್ನ ಓಣಿಯ ಏಳೆಂಟು ಹೆಂಗಸರು ಕೂತು, ಅಂಗಡಿಯಿಂದ ಬಂದ ಚೀಲಗಳ ಮೆಣಸಿನಕಾಯಿಗೆ ತುಂಬು ಬಿಡಿಸುತ್ತಿದ್ದರು. ಕೈಗಳು ತೊಟ್ಟು ಮುರಿಯುತ್ತಿದ್ದರೆ ಬಾಯಿಗಳು ಊರನ್ನು ಬಿಡಿಸುತ್ತಿದ್ದವು. ಮೈಕು ಹಿಡಿದ ಮನುಷ್ಯ ಕಟ್ಟೆಯ ಬಾಯಿಗೆ ಹೆದರಿದ್ದು ಹೀಗೆ.

ದ್ರಾಕ್ಷಾಯಿಣಿ ಇದೊಂದೂ ತಿಳಿಯದೆ ತಾನು ಕಂಡದ್ದನ್ನು ಕೂಡಿಸತೊಡಗಿದಳು. ಮೊದಲು, ಹುಲಿಗೇಶ ಒಂದು ಸಂಜೆ ಹಾಳೆ ಪೆನ್ನು ಹಿಡಿದು ಅವಳ ತಂದೆಯ ಹುಟ್ಟೂರು, ತಾಯಿಯ ತವರು, ಅಣ್ಣತಮ್ಮಂದಿರ ವಿಳಾಸ ಕೇಳಿ ಬರೆದುಕೊಂಡಿದ್ದ. ಎರಡು ದಿನ ಬಿಟ್ಟು ಅರುಣಾಳನ್ನು ಸ್ಟುಡಿಯೋಕ್ಕೆ ಕರೆದೊಯ್ದು ಹೊಸ ಫೋಟೊ ತೆಗೆಸಿದ. ಆಮೇಲೆ ಒಂದು ದಿನ ಅಪ್ಪ ಮಗಳು ಹಾವೇರಿಗೆ ಹೋಗಿ, ಎತ್ತರ ತೂಕ ಅಳೆಸಿ, ಕಣ್ಣು ತೋರಿಸಿಕೊಂಡು ಬಂದರು. ಕೇಳಿದರೆ ಯಾವುದೋ ಕ್ಲಾರ್ಕು ಕೆಲಸಕ್ಕೆ ಅರ್ಜಿ ಎಂದರು. ಕ್ಲಾರ್ಕಿಗೆ ಅಜ್ಜನ ಹುಟ್ಟೂರು ಯಾಕೆ ಬೇಕು? ಮನೆತನ, ಫೋಟೊ, ಎತ್ತರ. ಹೆಣ್ಣು ಹೆತ್ತ ಯಾವ ತಾಯಿಯಾದರೂ ಈ ಮೂರನ್ನು ಕೂಡಿಸಿ ಒಂದೇ ಉತ್ತರಕ್ಕೆ ಬರುತ್ತಾಳೆ. ಗಂಡ ಗುಟ್ಟಾಗಿ ವರ ನೋಡುತ್ತಿದ್ದಾನೆ.

ಮಗಳನ್ನು ಸುತ್ತಿ ಬಳಸಿ ಕೇಳಿದಳು. ಅರುಣಾ ಪುಸ್ತಕದಿಂದ ತಲೆ ಎತ್ತಿ ನಕ್ಕಳು. "ಇನ್ನ ಮೂರು ವರ್ಷ ನನ್ನ ಮದುವಿ ಸುದ್ದಿ ತಗೀಬ್ಯಾಡವ್ವ. ನನಗ ಬ್ಯಾರೆ ಕೆಲಸ ಐತಿ."

ಹಾಗಾದರೆ ಮಗಳಿಗೂ ಗೊತ್ತಿಲ್ಲ.

*

ಹನ್ನೆರಡನೆಯ ದಿನ ಮಧ್ಯಾಹ್ನ ಅವಳು ಸಂತೆಯಿಂದ ಬರುವಷ್ಟರಲ್ಲಿ ಕಟ್ಟೆ ಗುಜುಗುಜು ಎನ್ನುತ್ತಿತ್ತು. ಓಣಿಗೆಲ್ಲ ಹಿರಿಯಳಾದ ಮೈಲವ್ವ ಕೈ ಹಿಡಿದು ಕೂಡಿಸಿಕೊಂಡು ವರದಿ ಒಪ್ಪಿಸಿದಳು. ಹಾವೇರಿ ಕಡೆಯಿಂದ ಒಬ್ಬ ಬಂದಿದ್ದ. ಐವತ್ತರ ಮೇಲಿನ ವಯಸ್ಸು, ಹಳೆಯ ಸ್ಕೂಟರು, ಬಗಲಲ್ಲಿ ಫೈಲು. ಹೆಸರು ಕಲ್ಲೇಶ ಅನ್ನಿ ಎಂದನಂತೆ, ಮುಂದೆ ಏನೂ ಹೇಳಲಿಲ್ಲವಂತೆ. ಹುಡುಗಿ ಹೇಗೆ, ನಡತೆ ಹೇಗೆ, ಮನೆತನ ಹೇಗೆ, ಕೋರ್ಟು ಕಚೇರಿ ಏನಾದರೂ ಉಂಟೆ ಎಂದು ಕೇಳಿದನಂತೆ. ಯಾಕೆ ಎಂದು ಕೇಳಿದ್ದಕ್ಕೆ, ಒಳ್ಳೆಯ ವಿಷಯವೇ ಬಿಡಿ ಎಂದು ನಕ್ಕನಂತೆ.

"ಅವಸರಲೆ ಹೇಳೋ ಮಾತಲ್ಲ, ನಾಳಿ ಬರ್ರಿ ಅಂತ ಕಳಿಸೇನಿ," ಎಂದಳು ಮೈಲವ್ವ. "ಏನ ಹೇಳೂಣು ಹೇಳವಾ. ನೀ ಹೂಂ ಅಂದ್ರ ಹುಡುಗಿನ್ನ ಮುಗಲಿಗೆ ಏರಸ್ತೇವಿ."

ದ್ರಾಕ್ಷಾಯಿಣಿ ಕೈಚೀಲ ಕೆಳಗಿಟ್ಟು ಕೂತಳು. ಅವಳಿಗೆ ಗುತ್ತಲ ನೆನಪಾಯಿತು. ಇಪ್ಪತ್ತಾರು ವರ್ಷಗಳ ಹಿಂದೆ ಅಲ್ಲಿಯೂ ಹೀಗೆಯೇ ಒಬ್ಬ ಬಸ್ಸಿನಿಂದ ಇಳಿದಿದ್ದ. ಹುಲಿಗೇಶನ ಸೋದರಮಾವ. ಅಂಗಡಿಯಲ್ಲಿ ಕೇಳಿದ, ಬಾವಿಯ ಹತ್ತಿರ ಕೇಳಿದ. ಎಲ್ಲರೂ ಪ್ರೀತಿಯಿಂದಲೇ ಹೊಗಳಿದ್ದರು. ಬಾಯಿಲ್ಲದ ಹುಡುಗಿ, ಹಾಕಿದ ಗೆರೆ ದಾಟುವವಳಲ್ಲ ಎಂದಿದ್ದರು. ಹಾವೇರಿಯಲ್ಲಿ ಶಿಕ್ಷಕರ ತರಬೇತಿಗೆ ಸೀಟು ಸಿಕ್ಕಿದ ಕಾಗದ ಅವಳ ಪೆಟ್ಟಿಗೆಯಲ್ಲಿತ್ತು. ಮೂರನೆಯ ವಾರ ಮದುವೆಯಾಯಿತು. ಹುಲಿಗೇಶ ಕೆಟ್ಟವನೇನಲ್ಲ, ಆ ಮಾತು ಬೇರೆ. ಆದರೆ ಆ ಸೀಟಿನಲ್ಲಿ ಕೂತವರು ಯಾರು ಎಂದು ಅವಳು ಒಮ್ಮೊಮ್ಮೆ ರೊಟ್ಟಿ ಬಡಿಯುವಾಗ ಯೋಚಿಸುತ್ತಿದ್ದಳು.

"ಹೊಗಳಬ್ಯಾಡ್ರಿ," ಎಂದಳು ದ್ರಾಕ್ಷಾಯಿಣಿ. "ತೆಗಳ್ರಿ."

ಕಟ್ಟೆಯ ಮೇಲಿನ ಕೈಗಳೆಲ್ಲ ಒಮ್ಮೆ ನಿಂತವು. ಹುಡುಗಿಗೆ ಈಗ ಮದುವೆ ಬೇಡ, ಅಪ್ಪ ಕೇಳುವವನಲ್ಲ, ಬಂದವನು ತಾನಾಗಿಯೇ ಓಡಿಹೋಗಬೇಕು ಎಂದು ಅವಳು ಬಿಡಿಸಿ ಹೇಳಿದಳು. ಪಕ್ಕದ ಮನೆಯಲ್ಲಿ ಬ್ಲೌಸು ಹೊಲಿಯುವ ಜರೀನಾಗೆ ಕೂಡಲೇ ಅರ್ಥವಾಯಿತು. ಆದರೆ ಅವಳೇ ಒಂದು ಗಡಿಯನ್ನೂ ಹಾಕಿದಳು. "ನಡತಿ ಸುದ್ದಿಗೆ ಯಾರೂ ಹೋಗಬಾರದು ನೋಡಕ್ಕಾ. ಅದನ್ನ ಒಮ್ಮೆ ಅಂದ್ರ ಮತ್ತ ತೊಳಿಯಾಕ ಬರಂಗಿಲ್ಲ. ಉಳದದ್ದು ಏನ ಬೇಕಾದ್ರೂ ಹೇಳೂಣು."

ಅದಕ್ಕೆ ಎಲ್ಲರೂ ಒಪ್ಪಿದರು. ಆಮೇಲೆ ಅರ್ಧ ಚೀಲ ಮೆಣಸಿನಕಾಯಿ ಮುಗಿಯುವಷ್ಟರಲ್ಲಿ ಅರುಣಾಳ ದೋಷಗಳನ್ನು ಒಬ್ಬೊಬ್ಬರಿಗೆ ಹಂಚಿಕೊಟ್ಟದ್ದಾಯಿತು.

*

ಮರುದಿನ ಕಲ್ಲೇಶ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ದ್ರಾಕ್ಷಾಯಿಣಿ ಬಾಗಿಲ ಪರದೆಯ ಹಿಂದೆ ನಿಂತಳು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ತಿಳಿದಿರುತ್ತಾರೆ. ಏಳು ಹೆಂಗಸರು ಎದುರಿಗೆ ಕೂತು ತುಂಬು ಬಿಡಿಸಿದರೆ ಕಡಿಮೆ ಖಾರವೂ ಸಾಕಷ್ಟಾಗುತ್ತದೆ. ಮೊದಲ ಪ್ರಶ್ನೆ ಕೇಳುವ ಮೊದಲೇ ಆ ಮನುಷ್ಯನ ಕಣ್ಣಲ್ಲಿ ನೀರು ಬಂತು. ಎಷ್ಟು ಮೆತ್ತನೆಯ ಮನಸ್ಸಿನ ಬೀಗ ಎಂದು ಒಬ್ಬಳು ಮರುಗಿದಳು.

ಮೈಲವ್ವ ಶುರು ಮಾಡಿದಳು. ಹುಡುಗಿ ಕೂತಲ್ಲಿ ಕೂರುವವಳಲ್ಲ. ಬೆಳಗ್ಗೆ ಹಾವೇರಿ, ಮಧ್ಯಾಹ್ನ ರಾಣೆಬೆನ್ನೂರು. ಎಲ್ಲಿ ಹೋಗಿದ್ದೆ ಎಂದರೆ ನಗುತ್ತಾಳೆ ಹೊರತು ಬಾಯಿ ಬಿಡುವುದಿಲ್ಲ. ಹೊಟ್ಟೆಯಲ್ಲಿ ಏನಿದೆ ಎಂದು ಹೆತ್ತ ತಾಯಿಗೂ ತಿಳಿಯುವುದಿಲ್ಲ.

ಕಲ್ಲೇಶ ಮೂಗು ಒರೆಸಿಕೊಂಡು, ಬಾಯಿ ಬಿಡುವುದಿಲ್ಲವೋ ಎಂದು ಮತ್ತೊಮ್ಮೆ ಕೇಳಿ ಬರೆದುಕೊಂಡ.

ಅಡುಗೆಯ ವಿಷಯ ಅವನು ಕೇಳಲೇ ಇಲ್ಲ. ಮೈಲವ್ವ ತಾನೇ ಹೇಳಿದಳು. "ರೊಟ್ಟಿ ಬಡದ್ಲಂದ್ರ ಶ್ರೀಲಂಕಾ ಆಗತೈತ್ರಿ." ಕಲ್ಲೇಶನ ಪೆನ್ನು ನಿಂತಿತು. ಶ್ರೀಲಂಕಾದಲ್ಲಿ ಬಂಧುಗಳು ಯಾರಾದರೂ ಇದ್ದಾರೆಯೇ ಎಂದು ಅವನು ಬಹಳ ಗಂಭೀರವಾಗಿ ಕೇಳಿದ. ರೊಟ್ಟಿಯ ಆಕಾರದ ಮಾತು ಎಂದು ತಿಳಿಸಿ ಹೇಳಲು ಮೂವರು ಬೇಕಾದರು.

ಆಮೇಲೆ ಜರೀನಾ. ಅರುಣಾ ಯಾರನ್ನೂ ನಂಬುವುದಿಲ್ಲ, ಕಾಯಿಪಲ್ಲೆ ಗಾಡಿಯವನ ತಕ್ಕಡಿಯನ್ನು ತಿರುಗಿಸಿ ನೋಡುತ್ತಾಳೆ. ಒಮ್ಮೆ ನೋಡಿದ ಮುಖ ಮರೆಯುವುದಿಲ್ಲ. "ಆರು ವರ್ಷದ ಹಿಂದ ಆಕಿ ಬ್ಲೌಸಿಗೆ ಒಂದ ಹುಕ್ಕು ಕಡಿಮಿ ಹಚ್ಚಿದ್ದೆ ನೋಡ್ರಿ. ಯಾವ ವಾರ, ಯಾವ ಬಣ್ಣ, ಎಲ್ಲಾ ಇವತ್ತಿಗೂ ಹೇಳ್ತಾಳ. ಇಂಥಾಕಿನ್ನ ಮನ್ಯಾಗ ಇಟಗೊಂಡು ಬಾಳೇ ಮಾಡೋದು ಹೆಂಗ್ರಿ?"

ಸೊಸೆ ಹುಡುಕಿಕೊಂಡು ಬಂದ ಯಾವ ಮನುಷ್ಯನಾದರೂ ಇಷ್ಟು ಹೊತ್ತಿಗೆ ಸ್ಕೂಟರು ಒದೆಯಬೇಕಿತ್ತು. ಈ ಮನುಷ್ಯ, "ಛಲೋ, ಛಲೋ" ಎನ್ನುತ್ತ ಪುಟ ತಿರುಗಿಸಿದ. ಹೆಂಗಸರು ಮುಖ ಮುಖ ನೋಡಿಕೊಂಡು ಡೋಸು ಹೆಚ್ಚಿಸಿದರು. ಬೇರೆಯವರ ಮಾತನ್ನು ಕದ್ದು ಕೇಳುತ್ತಾಳೆ, ಹೊತ್ತಲ್ಲದ ಹೊತ್ತಿನಲ್ಲಿ ಎಚ್ಚರವಿರುತ್ತಾಳೆ, ಹತ್ತು ಜನ ಅತ್ತರೂ ಇವಳ ಕಣ್ಣು ಒದ್ದೆಯಾಗುವುದಿಲ್ಲ. ಕಲ್ಲೇಶನ ಮುಖ ದೀಪ ಹಚ್ಚಿದಂತಾಯಿತು. ಚಹಾ ಕುಡಿದು, ಇವತ್ತು ಮಂಗಳವಾರ, ನಾಲ್ಕು ದಿನಕ್ಕೊಮ್ಮೆ ಬರುವ ನಲ್ಲಿ ನೀರಿನ ದಿನ, ಲಗೂ ಹೋಗಬೇಕು ಎಂದು ಎದ್ದ. ನಾಳೆ ರಾಣೆಬೆನ್ನೂರಿಗೆ ಹೋಗಿ, ಹುಡುಗಿ ಎರಡು ವರ್ಷ ಬಾಡಿಗೆಗೆ ಇದ್ದ ಮನೆಯಲ್ಲಿ ನಾಲ್ಕು ಮಾತು ಕೇಳಿದರೆ ತನ್ನ ಕೆಲಸ ಮುಗಿಯಿತು ಎಂದ.

ಪರದೆಯ ಹಿಂದೆ ದ್ರಾಕ್ಷಾಯಿಣಿ ಲೆಕ್ಕ ಹಾಕಿದಳು. ಇಂಥ ಸೊಸೆಯೇ ಬೇಕು ಎನ್ನುವ ಮನೆ ಎಂಥದಿರಬೇಕು? ಹೀಗೆ ಬಿಟ್ಟರೆ ಶ್ರಾವಣದೊಳಗೆ ಅಕ್ಷತೆ ಬೀಳುತ್ತದೆ. ಅವಳು ರಾಣೆಬೆನ್ನೂರಿನ ಬಸವಣ್ಣೆವ್ವನಿಗೆ ಫೋನು ಮಾಡಿದಳು. ಅರುಣಾ ಬೀಜದ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತ ಪರೀಕ್ಷೆಗೆ ಓದಿದ್ದು ಬಸವಣ್ಣೆವ್ವನ ಮಾಳಿಗೆಯ ಖೋಲಿಯಲ್ಲಿ. ಇಲ್ಲಿಯ ಮದ್ದು ತಾಗಲಿಲ್ಲ, ನೀವು ಸ್ವಲ್ಪ ಗಟ್ಟಿಯದೇ ಕೊಡಬೇಕು ಎಂದು ದ್ರಾಕ್ಷಾಯಿಣಿ ಬೇಡಿಕೊಂಡಳು. ನಡತೆ ಮುಟ್ಟಬಾರದು ಎಂಬ ಷರತ್ತನ್ನೂ ಹೇಳಿದಳು. ಬಸವಣ್ಣೆವ್ವ ಮೂವರು ತಂಗಿಯರ ಮದುವೆ ಮಾಡಿದವಳು, ಎರಡು ಸಂಬಂಧ ಮುರಿದವಳು. ಚಿಂತೆ ಬಿಡು ಎಂದಳು.

ಮರುದಿನ ಸಂಜೆ ಬಸವಣ್ಣೆವ್ವನ ಫೋನು ಬಂತು. ಹುಡುಗಿಗೆ ಮೂರು ಬೇರೆ ಬೇರೆ ಹೆಸರಿನಲ್ಲಿ ಟಪಾಲು ಬರುತ್ತಿತ್ತು, ಭಾನುವಾರ ಚೀಲ ಹೆಗಲಿಗೆ ಹಾಕಿಕೊಂಡು ಎಲ್ಲಿಗೋ ಹೋಗುತ್ತಿದ್ದಳು, ಎಲ್ಲಿಗೆ ಎಂದು ಇಂದಿಗೂ ಯಾರಿಗೂ ಗೊತ್ತಿಲ್ಲ ಎಂದು ಹೇಳಿದ್ದಳಂತೆ. "ಮುಖ ಕಪ್ಪಿಟ್ಟಿತವಾ. ಅರ್ಧಾ ಚಾ ಬಿಟ್ಟು ಎದ್ದು ಹೋದಾ," ಎಂದು ಅವಳು ಹೆಮ್ಮೆಯಿಂದ ಹೇಳಿಕೊಂಡಳು.

*

ಆ ಸಂಜೆ ದ್ರಾಕ್ಷಾಯಿಣಿ ಮಾದಲಿ ಮಾಡಿದಳು. ಹುಲಿಗೇಶ ತಟ್ಟೆ ನೋಡಿ, ಹಬ್ಬವೇನು ಎಂದು ಹುಬ್ಬಿನಿಂದಲೇ ಕೇಳಿದ. ಇನ್ನೊಂದು ಚಮಚ ತುಪ್ಪ ಹಾಕುತ್ತ ಅವಳು ಸಮಾಧಾನವಾಗಿ ಹೇಳಿದಳು.

"ನೀವು ಗುಟ್ಟಲೆ ನೋಡಿದ್ದ ಸಂಬಂಧ ಮುರದೈತಿ. ಹಾವೇರಿಯಿಂದ ಬಂದಿದ್ದ ನಿಮ್ಮ ಬೀಗ ರಾಣೆಬೆನ್ನೂರಿಗೆ ಹೋಗಿ ಓಡಿ ಹೋಗ್ಯಾನ. ಮಾಡಿಸಿದಾಕಿ ನಾನ."

ಹುಲಿಗೇಶನ ಕೈಯಲ್ಲಿದ್ದ ಮಾದಲಿ ತಟ್ಟೆಗೆ ಬಿತ್ತು. ಯಾರು ಬಂದಿದ್ದರು, ಯಾವಾಗ ಬಂದರು, ಫೈಲು ಇತ್ತೇ ಎಂದು ಒಂದೇ ಉಸಿರಿನಲ್ಲಿ ಕೇಳಿದ. ಎಲ್ಲ ಕೇಳಿದ ಮೇಲೆ ಎದ್ದು ನಿಂತ, ಕೂತ, ಮತ್ತೆ ಎದ್ದ.

"ಅಂವಾ ವರನ ಕಡ್ಯಾಂವ ಅಲ್ಲ," ಎಂದು ಪಿಸುಗುಟ್ಟಿದ.

"ಮತ್ತ ಯಾರ ಕಡ್ಯಾಂವ?"

ಹುಲಿಗೇಶ ಕಿಟಕಿ ಮುಚ್ಚಿದ. ಬಾಗಿಲು ಹಾಕಿದ. ಅಷ್ಟೂ ಸಾಲದೆಂದು ಅಡುಗೆಮನೆಗೆ ಹೋಗಿ, ಯಾರಿಗೂ ಕೇಳಬಾರದೆಂದು ಖಾಲಿ ಮಿಕ್ಸರು ತಿರುಗಿಸಿದ. ದೇಶದ ಗುಟ್ಟನ್ನು ಕಾಪಾಡಲು ಇದಕ್ಕಿಂತ ಹೆಚ್ಚು ಯಾರು ಏನು ಮಾಡಬಲ್ಲರು? ಆದರೆ ಮಿಕ್ಸರಿನ ಸದ್ದಿನಲ್ಲಿ ಹೆಂಡತಿಗೂ ಕೇಳಲಿಲ್ಲ. ಅವಳು ಏನಂದಿರಿ ಎಂದಳು. ಇಪ್ಪತ್ತೆರಡು ವರ್ಷ ಬಸ್ಸಿನ ಇಂಜಿನ್ನುಗಳನ್ನು ಗೆದ್ದ ಕಂಠ ಅವನದು, ಮಿಕ್ಸರು ಯಾವ ಲೆಕ್ಕ. ಸರಕಾರದ ಕಡೆಯವನು, ಗುಪ್ತಚರ ಇಲಾಖೆಯವನು, ಅರುಣಾಗೆ ಅಲ್ಲಿ ಕೆಲಸ ಸಿಕ್ಕಿದೆ, ಯಾರಿಗೂ ಹೇಳಬಾರದು, ಎಂದು ಅವನು ರಾಣೆಬೆನ್ನೂರಿನ ಗಾಡಿಯನ್ನು ಎರಡನೆಯ ಪ್ಲಾಟ್‌ಫಾರ್ಮಿಗೆ ಕರೆಯುವ ದನಿಯಲ್ಲಿ ತಿಳಿಸಿದ. ದ್ರಾಕ್ಷಾಯಿಣಿ ಓಡಿಹೋಗಿ ಅವನ ಬಾಯಿಯ ಮೇಲೆ ಕೈ ಇಟ್ಟಳು. ಪಕ್ಕದ ಮನೆಯಲ್ಲಿ ಜರೀನಾಳ ಹೊಲಿಗೆ ಮಷಿನ್ನು ಟಕ್ಕನೆ ನಿಂತದ್ದು ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು.

ಅರುಣಾ ಗ್ರಂಥಾಲಯದಿಂದ ಬಂದಾಗ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ವಿಷಯವೆಲ್ಲ ಕೇಳಿ ಅವಳು ಕೂಗಾಡಲಿಲ್ಲ. ಮೂರು ಹೆಸರು ಎಂದಾಗ ಮಾತ್ರ ಕಣ್ಣು ಮುಚ್ಚಿದಳು. ಆಮೇಲೆ, "ಹೋಗ್ಲಿ ಬಿಡವ್ವ," ಎಂದು ಒಳಗೆ ಹೋಗಿ, ಮೇಜಿನ ಮೇಲಿದ್ದ ಪುಸ್ತಕಗಳನ್ನು ಒಂದೊಂದಾಗಿ ಗೋಡೆಯ ಮಾಡಕ್ಕೆ ಏರಿಸತೊಡಗಿದಳು.

ಬೈದಿದ್ದರೆ ದ್ರಾಕ್ಷಾಯಿಣಿ ತಡೆದುಕೊಳ್ಳುತ್ತಿದ್ದಳು. ಈ 'ಹೋಗಲಿ ಬಿಡು' ಅವಳಿಗೆ ಗುರುತಿನದು. ಗುತ್ತಲದಲ್ಲಿ, ಸೀಟಿನ ಕಾಗದವನ್ನು ಪೆಟ್ಟಿಗೆಯ ತಳಕ್ಕೆ ಹಾಕುವಾಗ, ಅವಳೇ ತನ್ನ ಅವ್ವನಿಗೆ ಹೇಳಿದ ಮಾತು ಅದು.

ಅವಳು ಸೆರಗು ಸಿಕ್ಕಿಸಿಕೊಂಡು ಕಟ್ಟೆಗೆ ಬಂದಳು. ಅಲ್ಲಿ ಆಗಲೇ ಎಲ್ಲರೂ ಕೂಡಿದ್ದರು. ಯಾರೂ ಏನೂ ಕೇಳಲಿಲ್ಲ. ಕೇಳುವುದು ಏನೂ ಉಳಿದಿರಲಿಲ್ಲ.

"ಆ ಮನಷ್ಯಾನ ಮನಿ ಎಲ್ಲೈತಿ ಗೊತ್ತಾಗಬೇಕು," ಎಂದಳು ದ್ರಾಕ್ಷಾಯಿಣಿ.

ಹೆಸರು ಕಲ್ಲೇಶ, ಊರು ಹಾವೇರಿ. ಅದೂ ಆ ಮನುಷ್ಯ ತಾನಾಗಿ ಹೇಳಿದ್ದು, ನಿಜವೋ ಸುಳ್ಳೋ. ಇಷ್ಟೇ ಗೊತ್ತಿದ್ದದ್ದು ಎಂದು ಯಾರಾದರೂ ತಿಳಿದರೆ ಅವರು ಆ ಕಟ್ಟೆಯನ್ನು ಕಂಡವರಲ್ಲ. ಅವನು ಸೀನುತ್ತ ಬಗ್ಗಿದಾಗ ಜರೀನಾ ಅಂಗಿಯ ಕಾಲರಿನ ಒಳಗಿನ ಪಟ್ಟಿ ನೋಡಿದ್ದಳು, ಹೊಲಿಗೆಯವರ ಕಣ್ಣು ಬೇರೆಲ್ಲಿಗೆ ಹೋಗುತ್ತದೆ? ಅದರ ಮೇಲೆ ಹಾವೇರಿಯ ಒಬ್ಬ ಟೇಲರನ ಹೆಸರಿತ್ತು, ಆ ಅಂಗಡಿಯಲ್ಲಿ ಅವಳ ತಮ್ಮ ಜಮೀರ್ ಬಟ್ಟೆ ಕತ್ತರಿಸುತ್ತಿದ್ದ. ಮಂಗಳವಾರ ನೀರು ಬರುತ್ತದೆ ಎಂದಿದ್ದನ್ನು ಮೈಲವ್ವ ಮರೆತಿರಲಿಲ್ಲ. ಮಂಗಳವಾರ ನೀರು ಬಿಡುವ ಓಣಿಗಳು ಯಾವುವು, ಅಲ್ಲಿ ಹಳೆಯ ಸ್ಕೂಟರಿನ, ಉದ್ದ ತೋಳಿನ ನಾಲ್ಕು ಅಂಗಿ ಹೊಲಿಸಿದ ಗಿರಾಕಿ ಯಾರು ಎಂದು ಅಕ್ಕನ ಫೋನು ಬಂದೊಡನೆ ಜಮೀರ್ ಪುಸ್ತಕ ತೆಗೆದು ನೋಡಿದ. ಅನ್ನಕ್ಕೆ ಇಟ್ಟ ಕುಕ್ಕರು ಇಳಿಸುವಷ್ಟರಲ್ಲಿ ಮನೆಯ ಗುರುತು, ಗೇಟಿನ ಬಣ್ಣ ಎರಡೂ ಬಂದವು.

*

ಮುಂದಿನ ನೀರಿನ ದಿನ ಶನಿವಾರ. ಆ ಹೊತ್ತಿಗೆ ಮನುಷ್ಯ ಮನೆಯಲ್ಲೇ ಇರುತ್ತಾನೆ. ದ್ರಾಕ್ಷಾಯಿಣಿ ಬೆಳಗಿನ ಬಸ್ಸು ಹತ್ತಿದಳು. ಮೈಕಿನಲ್ಲಿ ಹಾವೇರಿ ಎನ್ನುವಾಗ ಹುಲಿಗೇಶನ ದನಿ ಮೊದಲ ಸಲ ನಡುಗಿತು.

ಕಲ್ಲೇಶ ಬನಿಯನ್ ಲುಂಗಿಯಲ್ಲಿ ಪೈಪು ಹಿಡಿದು ಬ್ಯಾರಲ್ಲು ತುಂಬಿಸುತ್ತಿದ್ದ. ನೀಲಿ ಗೇಟಿನ ಆಚೆ ನಿಂತ ಹೆಂಗಸನ್ನು ಅವನು ಹಿಂದೆ ಕಂಡಿರಲಿಲ್ಲ, ಅಂದು ಪರದೆಯ ಹಿಂದಿದ್ದವಳು. ಬ್ಯಾಡಗಿಯಿಂದ ಬಂದೆ, ಅರುಣಾಳ ತಾಯಿ ಎಂದಾಗ ಪೈಪು ಕೈಜಾರಿ ಅವನ ಕಾಲನ್ನೇ ತೋಯಿಸಿತು. ಎದುರಿನ ಮನೆಯವರಿಗೆ ಅವನು ವಿಮೆಯವನು. ಒಂಬತ್ತು ವರ್ಷಗಳಲ್ಲಿ ಯಾರೂ ಕೆಲಸದ ವಿಷಯ ಹಿಡಿದು ಅವನ ಮನೆಯ ತನಕ ಬಂದಿರಲಿಲ್ಲ.

ಅವಳು ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು. ನೀವು ವರನ ಕಡೆಯವರು ಎಂದುಕೊಂಡದ್ದು, ಮಗಳನ್ನು ತಪ್ಪಿಸಲು ಸುಳ್ಳು ಹೇಳಿಸಿದ್ದು, ಆಗ ಮಗಳಿಗೆ ಇದೊಂದೂ ಗೊತ್ತಿರದಿದ್ದದ್ದು. "ಬರೀಬೇಕಂದ್ರ ನನ್ನ ಹೆಸರು ಬರೀರಿ. ಆಕಿದಲ್ಲ."

"ಹೇಳಿದವ್ರಿಗೆಲ್ಲಾ ಹಂಗ ಹೇಳ್ರಿ ಅಂತ ಮನಿ ಮನಿಗೆ ಹೋಗಿ ಹೇಳಿ ಬಂದವ್ರು ಯಾರು?" ಎಂದ ಕಲ್ಲೇಶ.

"ನಾನ."

"ಕೂಡ ಯಾರಿದ್ರು?"

"ನಾ ಒಬ್ಬಾಕಿನ."

ಕಲ್ಲೇಶ ನಲ್ಲಿ ನಿಲ್ಲಿಸಿ ಮೆಟ್ಟಿಲ ಮೇಲೆ ಕೂತ. "ಅಕ್ಕಾರ, ನಮ್ಮ ಕೆಲಸ ಮಂದಿ ಹೇಳಿದ್ದು ಬರಕೊಳ್ಳೋದಲ್ಲ. ಯಾಕ ಹೇಳಿದ್ರು ಅನ್ನೋದನ್ನ ನೋಡೋದು. ನಿಮ್ಮ ಓಣ್ಯಾಗ ಏಳು ಮಂದಿ ಆ ಹುಡುಗಿನ್ನ ಬೈದ್ರು. ನಡತಿ ಸುದ್ದಿ ಒಬ್ಬರೂ ತಗೀಲಿಲ್ಲ. ಖರೇನ ಬೈಯೋ ಮಂದಿ ಮೊದಲ ಅದನ್ನ ತಗೀತಾರ. ಅವತ್ತ ನನಗ ಸಂಶೇ ಬಂತು."

ಮೂರು ಹೆಸರಿನ ಟಪಾಲಿನ ಸಲುವಾಗಿ ಅವನು ಅಂದೇ ಅಂಚೆಯವನನ್ನು ಹುಡುಕಿ ಹೋಗಿದ್ದನಂತೆ. ಒಂದು ಹೆಸರು ಅರುಣಾಳದು, ಎರಡನೆಯದು ಖೋಲಿಯ ಗೆಳತಿಯದು, ಮೂರನೆಯದು ಬಸವಣ್ಣೆವ್ವನ ಸ್ವಂತ ಮಗಳದು. ಭಾನುವಾರದ ಚೀಲ ಹೋಗುತ್ತಿದ್ದದ್ದು ಮಾದರಿ ಪರೀಕ್ಷೆ ಬರೆಸುವ ಕೋಚಿಂಗ್ ಕ್ಲಾಸಿಗೆ.

ಹಾಗಾದರೆ ಕೆಲಸ ಸಿಗುತ್ತದೆಯೇ ಎಂದು ಅವಳು ಕೇಳಿದಳು. ಅವನು ತಲೆ ಅಲ್ಲಾಡಿಸಿದ, ಆದರೆ ಯಾವ ಕಡೆಗೆ ಎಂದು ತಿಳಿಯಲಿಲ್ಲ. "ಹೂಂ ಅನ್ನಾಕೂ ನನಗ ಅಧಿಕಾರ ಇಲ್ಲ, ಊಹೂಂ ಅನ್ನಾಕೂ ಇಲ್ಲ. ಕಂಡದ್ದು ಬರದು ಮ್ಯಾಲ ಕಳಸ್ತೇನಿ." ಆಮೇಲೆ ದನಿ ತಗ್ಗಿಸಿ ಕೇಳಿದ. "ನೀವು ಒಂದ ಹೇಳ್ರಿ. ನನ್ನ ಮನಿ ಹೆಂಗ ಸಿಕ್ತು?"

ದ್ರಾಕ್ಷಾಯಿಣಿಗೆ ಜರೀನಾಳ ಕಣ್ಣು, ಮೈಲವ್ವನ ಕಿವಿ, ಜಮೀರನ ಪುಸ್ತಕ ಎಲ್ಲ ನೆನಪಾದವು. ಹೇಳಿದರೆ ಈ ಮನುಷ್ಯ ಖುಷಿಯಾಗಬಹುದು. ಮಗಳಿಗೆ ಅನುಕೂಲವೂ ಆಗಬಹುದು. ಅವಳು ಸೆರಗು ಸರಿಮಾಡಿಕೊಂಡಳು.

"ಅದನ್ನ ಹೇಳಾಕ ಬರಂಗಿಲ್ರಿ," ಎಂದಳು.

ಕಲ್ಲೇಶ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡ. ನಂತರ ಎದ್ದು, ಗೇಟಿನ ತನಕ ಬಂದು, ಕೈ ಮುಗಿದು ಕಳಿಸಿಕೊಟ್ಟ.

*

ಅವನು ಏನು ಬರೆದನೋ ಯಾರಿಗೂ ಗೊತ್ತಿಲ್ಲ. ಆ ಇಲಾಖೆಯ ರೀತಿಯೇ ಹಾಗೆ. ಏಳು ವಾರ ಅರುಣಾ ಅಂಚೆಯವನ ಸೈಕಲ್ಲಿನ ಗಂಟೆಗೆ ತಲೆ ಎತ್ತುತ್ತಿದ್ದಳು, ಮತ್ತೆ ತಗ್ಗಿಸುತ್ತಿದ್ದಳು. ಅಷ್ಟೂ ದಿನ ಕಟ್ಟೆಯ ಮೇಲೆ ಆ ವಿಷಯ ಒಮ್ಮೆಯೂ ಬರಲಿಲ್ಲ. ಎಂಟನೆಯ ವಾರ ಕಾಗದ ಬಂತು. ಅರುಣಾ ಮಾಡದಿಂದ ಎರಡು ಪುಸ್ತಕ ಇಳಿಸಿ, ಟ್ರಂಕಿಗೆ ಹಾಕಿಕೊಂಡು ತರಬೇತಿಗೆ ಹೊರಟಳು. ಅವಳು ಹತ್ತಿದ ಹುಬ್ಬಳ್ಳಿ ಬಸ್ಸನ್ನು ಹುಲಿಗೇಶ ಮೂರು ಸಲ ಕೂಗುವ ಬದಲು, ಬಸ್ಸು ಮೋಟೆಬೆನ್ನೂರು ದಾಟುವವರೆಗೂ ಕೂಗುತ್ತಲೇ ಇದ್ದ. ಎಲ್ಲಿ ಕೆಲಸ, ಏನು ಕೆಲಸ ಎಂದು ಕೇಳಿದವರಿಗೆ ಇಡೀ ಓಣಿ ಒಂದೇ ಉತ್ತರ ಕೊಡುತ್ತಿತ್ತು. ಸರಕಾರಿ ಆಫೀಸು. ಫೈಲು ಜೋಡಿಸುವುದು.

ಐದು ತಿಂಗಳ ಮೇಲೆ ಒಂದು ಮಧ್ಯಾಹ್ನ ಕಟ್ಟೆಯ ಮುಂದೆ ಬಿಳಿ ಕಾರು ನಿಂತಿತು. ಇಳಿದವನು ಇಸ್ತ್ರಿ ಮಾಡಿದ ಧೋತರ ಉಟ್ಟಿದ್ದ, ಕೈಯಲ್ಲಿ ಎಲೆ ಅಡಿಕೆಯ ಡಬ್ಬಿ. ಕಾರಿನೊಳಗೆ ಅವನ ಹೆಂಡತಿ ಮೊಳ ಮಲ್ಲಿಗೆ ಮುಡಿದು, ಕಿಟಕಿಯಿಂದ ಮನೆಯ ಎತ್ತರ ಅಗಲ ಅಳೆಯುತ್ತಿದ್ದಳು. ಇಲ್ಲಿ ಅರುಣಾ ಎಂಬ ಹುಡುಗಿ ಇದ್ದಾಳಂತೆ, ಹೇಗೆ, ಮನೆತನ ಹೇಗೆ ಎಂದು ಅವನು ನಯವಾಗಿ ಕೇಳಿದ.

ಏಳು ಜೊತೆ ಕೈಗಳು ನಿಲ್ಲದೆ ತುಂಬು ಬಿಡಿಸಿದವು. ಯಾವ ಅರುಣಾ ಎಂದಳು ಮೈಲವ್ವ. ತಾನು ಈ ಓಣಿಗೆ ಹೊಸಬಳು ಎಂದಳು ಜರೀನಾ, ಹತ್ತೊಂಬತ್ತು ವರ್ಷದಿಂದ ಅಲ್ಲೇ ಇದ್ದವಳು. ಅವನು ಕೊನೆಗೆ ದ್ರಾಕ್ಷಾಯಿಣಿಯ ಕಡೆ ತಿರುಗಿ, ನಿಮಗಾದರೂ ಗೊತ್ತಿರಬೇಕಲ್ಲ ಎಂದ.

"ಎಲ್ಲೋ ನೋಡಿದಂಗ ಐತ್ರಿ," ಎಂದಳು ದ್ರಾಕ್ಷಾಯಿಣಿ.

ಕಾರು ಬಂದ ಹಾದಿಯಲ್ಲಿ ಹೋಯಿತು. ಧೂಳು ಇಳಿದ ಮೇಲೆ ಜರೀನಾ ಹತ್ತಿರ ಸರಿದು, ಈ ಸಲ ಸರಕಾರದವನು ಹೆಂಡತಿಗೆ ಹೂ ಮುಡಿಸಿಕೊಂಡು ಕರೆತಂದಿದ್ದಾನಲ್ಲ ಎಂದು ಆಶ್ಚರ್ಯಪಟ್ಟಳು.

ದ್ರಾಕ್ಷಾಯಿಣಿ ಇನ್ನೊಂದು ಹಿಡಿ ಮೆಣಸಿನಕಾಯಿ ಮಡಿಲಿಗೆ ಸುರಿದುಕೊಂಡಳು. ಅರುಣಾ ಕೇಳಿದ್ದ ಮೂರು ವರ್ಷದಲ್ಲಿ ಇನ್ನೂ ಎರಡೂವರೆ ಉಳಿದಿದ್ದವು.

"ಇಲಾಖೆಯವ್ರು ಯವ್ವಾ," ಎಂದಳು. "ಏನ ವೇಷ ಬೇಕಾದ್ರೂ ಹಾಕ್ತಾರ."